ಫೈಲ್‌ಗೆ ಒಂದು ಸಾಲು ಸೇರಿಸಲು ಹೋಗಿ ಏನೋ ಕೆಟ್ಟಾಗ

ಹೊಸದಾಗಿ ಸೇರಿದ್ದ ಹುಡುಗ ತನ್ನ ಎಸ್‌ಎಸ್‌ಎಚ್ ಕೀ (ದೂರದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಕೀಲಿಬರಹ) ಕಳಿಸಿ, "ಸರ್, ಸರ್ವರ್‌ಗೆ ನಂದೂ ಹಾಕಿಬಿಡಿ" ಅಂದ. ಐದು ಸೆಕೆಂಡಿನ ಕೆಲಸ. ಯಾರ್ಯಾರ ಕೀ ಒಪ್ಪಬೇಕು ಅನ್ನುವ ಪಟ್ಟಿಯ ಫೈಲ್‌ಗೆ, ಕೊಟ್ಟ ಬರಹವನ್ನು ಹಾಗೇ ಹೊರಹಾಕುವ ಎಕೋ ಕಮಾಂಡ್‌ನಿಂದ ಹಾಕಿದೆ:

    ಎಕೋ 'ಹುಡುಗನ ಕೀ' >> ಆಥರೈಸ್ಡ್_ಕೀಸ್

ಎರರ್ ಏನೂ ಬರಲಿಲ್ಲ. ಆದರೆ ಅವನು ಲಾಗಿನ್ ಮಾಡಿದರೆ ಪರ್ಮಿಷನ್ ಡಿನೈಡ್. ನಾನು ಮಾಡಿದರೆ ಸಲೀಸಾಗಿ ಒಳಗೆ. ಕೀ ಮತ್ತೊಮ್ಮೆ ಕಳಿಸು ಅಂದೆ. ಫೋಲ್ಡರ್ ಪರ್ಮಿಷನ್ ನೋಡಿದೆ. ಸರ್ವರ್‌ನ ಸೆಟ್ಟಿಂಗ್ ಎಲ್ಲ ಜಾಲಾಡಿದೆ. ಒಂದು ಗಂಟೆ ಹೋಯಿತು. ಕೊನೆಗೆ ಬೇಜಾರಾಗಿ ಸುಮ್ನೆ ಸಾಲು ಎಣಿಸಿದೆ:

    ಡಬ್ಲ್ಯೂಸಿ -ಎಲ್ ಆಥರೈಸ್ಡ್_ಕೀಸ್
    1

ಇಬ್ಬರ ಕೀ ಇದ್ದ ಮೇಲೆ 2 ಬರಬೇಕು, ಅಲ್ವಾ?

ನನ್ನ ಕೀ ಇದ್ದ ಸಾಲಿನ ಕೊನೆಯಲ್ಲಿ ಹೊಸಸಾಲಿನ ಗುರುತೇ ಇರಲಿಲ್ಲ. ಹುಡುಗನ ಕೀ ಹೋಗಿ ನನ್ನ ಸಾಲಿನ ಬಾಲಕ್ಕೇ ಅಂಟಿಕೊಂಡಿತ್ತು. ಆ ಫೈಲ್‌ನಲ್ಲಿ ಕೀ ಆದಮೇಲೆ ಸಾಲಿನಲ್ಲಿ ಉಳಿದದ್ದೆಲ್ಲ ಕಾಮೆಂಟ್ ಅಂತ ಲೆಕ್ಕ. ಹಾಗಾಗಿ ನನ್ನ ಕೀ ಕೆಲಸ ಮಾಡುತ್ತಿತ್ತು, ಅವನದ್ದು ನನ್ನ ಕಾಮೆಂಟ್ ಆಗಿ ಕೂತಿತ್ತು. ಸೇರಿಸಿದ್ದು ಸರಿ, ಸೇರಿದ ಜಾಗ ತಪ್ಪು.

ಫೈಲ್ ಕೊನೆಗೆ ಬರಹ ಸೇರಿಸುವ ಕೆಲಸ ಕೆಟ್ಟಾಗಲೆಲ್ಲ ನಾವು ಕಮಾಂಡ್ ಮೇಲೆ ಅನುಮಾನ ಪಡುತ್ತೇವೆ. ನನ್ನ ಅನುಭವದಲ್ಲಿ ಎಕೋದ ತಪ್ಪು ಇರುವುದು ಅಪರೂಪ. ಆ ಫೈಲನ್ನು ತೆರೆದವರು ಯಾರು, ಯಾವಾಗ ತೆರೆದರು, ತೆರೆದಾಗ ಅದರ ಬಾಲದಲ್ಲಿ ಏನಿತ್ತು ಅಂತ ಕೇಳಿಕೊಂಡರೆ ಹೆಚ್ಚಿನ ಗಂಟು ಬಿಚ್ಚುತ್ತವೆ.

ಒಂದು ಮಾತು: ಇಲ್ಲಿ ಕಮಾಂಡ್‌ಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ಬಾಣ, ಕೊಟೇಶನ್, ಡಾಲರ್ ಗುರುತುಗಳು ಇದ್ದ ಹಾಗೇ ಇರಲಿ. ಮತ್ತೆ, ಯಾವ ಫೈಲ್ ಮುಟ್ಟುವುದಿದ್ದರೂ ಮೊದಲು ಸಿಪಿ ಹೊಡೆದು ಒಂದು ನಕಲು ಇಟ್ಟುಕೊಳ್ಳಿ.

ಹೊಸ ಸಾಲು ಹಳೆಯ ಸಾಲಿಗೆ ಅಂಟಿಕೊಂಡಿದೆ

ಮೇಲಿನ ಕತೆ ಇದೇ. ಪರೀಕ್ಷೆ ಹೀಗೆ (ಟೇಲ್ ಫೈಲ್‌ನ ಕೊನೆಯ ಒಂದು ಬೈಟ್ ಕೊಡುತ್ತದೆ, ಓಡಿ ಅದು ಏನು ಅಂತ ತೋರಿಸುತ್ತದೆ):

    ಟೇಲ್ -ಸಿ 1 ಫೈಲ್ | ಓಡಿ -ಸಿ
    0000000  \ಎನ್
    0000001

ಮೊದಲ ಸಾಲಿನಲ್ಲಿ \ಎನ್ (ಅದೇ ಹೊಸಸಾಲಿನ ಗುರುತು) ಕಂಡರೆ ಬಾಲ ಸರಿಯಾಗಿದೆ. ಬೇರೆ ಯಾವುದಾದರೂ ಅಕ್ಷರವೋ 225 ತರಹದ ಸಂಖ್ಯೆಯೋ ಕಂಡರೆ ಕೊನೆಯ ಸಾಲು ಮುಗಿದೇ ಇಲ್ಲ ಅಂತ. ಯುನಿಕ್ಸ್ ಲೆಕ್ಕದಲ್ಲಿ ಸಾಲು ಅಂದರೆ ಹೊಸಸಾಲಿನ ಗುರುತಿನಿಂದ ಮುಗಿಯುವಂಥದ್ದು. ಡಬ್ಲ್ಯೂಸಿ ಎಣಿಸುವುದೂ ಆ ಗುರುತುಗಳನ್ನೇ. ಅದಕ್ಕೇ ನನಗೆ 1 ಅಂತ ತೋರಿಸಿತು.

ಇಂಥ ಫೈಲ್ ಎಲ್ಲಿಂದ ಬರುತ್ತದೆ? ವಿಮ್, ನ್ಯಾನೋ ಎಡಿಟರ್‌ಗಳೆರಡೂ ಸೇವ್ ಮಾಡುವಾಗ ಕೊನೆಯ ಗುರುತನ್ನು ತಾವೇ ಹಾಕುತ್ತವೆ. ವಿಎಸ್ ಕೋಡ್, ನೋಟ್‌ಪ್ಯಾಡ್ ತಾವಾಗಿ ಹಾಕುವುದಿಲ್ಲ. ಎಕೋಗೆ -ಎನ್ ಕೊಟ್ಟಿದ್ದರೂ, ಪ್ರಿಂಟ್‌ಎಫ್‌ನಲ್ಲಿ \ಎನ್ ಮರೆತಿದ್ದರೂ ಇದೇ ಪಾಡು.

ಆಗಲೇ ಅಂಟಿಕೊಂಡಿದ್ದರೆ ಎಡಿಟರ್‌ನಲ್ಲಿ ತೆರೆದು, ಬೆಸುಗೆಯ ಜಾಗದಲ್ಲಿ ಎಂಟರ್ ಒತ್ತಿ. ಮುಂದೆ ಹೀಗಾಗದಿರಲು, ಸೇರಿಸುವ ಮುಂಚೆ ಇದನ್ನು ಓಡಿಸಿ:

    ಸೆಡ್ -ಐ '$ಎ\' ಫೈಲ್

ಗುರುತು ಇಲ್ಲದಿದ್ದರೆ ಹಾಕುತ್ತದೆ, ಇದ್ದರೆ ಸುಮ್ಮನಿರುತ್ತದೆ. ಇದು ಲಿನಕ್ಸ್‌ನ ಗ್ನೂ ಸೆಡ್‌ಗೆ ಮಾತ್ರ. ಮ್ಯಾಕ್‌ನಲ್ಲಿರುವ ಸೆಡ್ ಬೇರೆ ಜಾತಿ, ಅಲ್ಲಿ ಇದು ನಡೆಯುವುದಿಲ್ಲ. ಎರಡೂ ಕಡೆ ನಡೆಯಬೇಕಾದರೆ:

    [ -ಎನ್ "$(ಟೇಲ್ -ಸಿ 1 ಫೈಲ್)" ] && ಎಕೋ >> ಫೈಲ್

ಡಾಲರ್-ಬ್ರಾಕೆಟ್ ಕೊನೆಯ ಹೊಸಸಾಲನ್ನು ನುಂಗಿಬಿಡುತ್ತದೆ. ಹಾಗಾಗಿ ಬಾಲ ಸರಿಯಿದ್ದರೆ ಒಳಗೆ ಏನೂ ಉಳಿಯದೆ ಎಕೋ ಓಡುವುದೇ ಇಲ್ಲ. ನೋಡಲು ಚಂದ ಇಲ್ಲ, ಕೆಲಸ ಮಾತ್ರ ಪಕ್ಕಾ.

ಇನ್ನೊಂದು ಎಚ್ಚರಿಕೆ. ಎಸ್‌ಎಸ್‌ಎಚ್ ಕೀ ಫೈಲ್ ಮುಟ್ಟುವಾಗ ಈಗಿರುವ ಲಾಗಿನ್ ಮುಚ್ಚಬೇಡಿ. ಇನ್ನೊಂದು ಕಿಟಕಿಯಲ್ಲಿ ಲಾಗಿನ್ ಆಗುತ್ತದೆ ಅಂತ ನೋಡಿಕೊಂಡ ಮೇಲೇ ಇದನ್ನು ಬಿಡಿ.

ಫೈಲ್ ತುಂಬ ಇತ್ತು, ಈಗ ಒಂದೇ ಸಾಲು ಇದೆ (ಅಥವಾ ಏನೂ ಇಲ್ಲ)

ಎರಡು ಬಾಣದ ಬದಲು ಒಂದು ಬಾಣ ಬಿದ್ದಿದೆ. ಎರಡು ಬಾಣ ಕೊನೆಗೆ ಸೇರಿಸುತ್ತದೆ, ಒಂದು ಬಾಣ ಇದ್ದದ್ದನ್ನು ಒರೆಸಿ ಬರೆಯುತ್ತದೆ. ಇದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿಲ್ಲದ್ದು ಅದು *ಯಾವಾಗ* ಒರೆಸುತ್ತದೆ ಅನ್ನುವುದು. ನೀವು ಎಂಟರ್ ಒತ್ತಿದ ಕೂಡಲೇ ಶೆಲ್ (ಟರ್ಮಿನಲ್‌ನಲ್ಲಿ ನಿಮ್ಮ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್) ಮೊದಲು ಬಾಣದ ಮುಂದಿರುವ ಫೈಲ್ ತೆರೆದು ಖಾಲಿ ಮಾಡುತ್ತದೆ. ಆಮೇಲೆ ಕಮಾಂಡ್ ಓಡಿಸುತ್ತದೆ. ಅಡುಗೆಗೆ ಮುಂಚೆ ಪಾತ್ರೆ ತೊಳೆದಿಟ್ಟ ಹಾಗೆ. ಅದರಲ್ಲಿ ನಿನ್ನೆಯ ಸಾರು ಇತ್ತು ಅಂತ ಅದು ನೋಡುವುದಿಲ್ಲ.

ಹಾಗಾಗಿ ಕಮಾಂಡ್‌ನ ಹೆಸರೇ ತಪ್ಪಾಗಿದ್ದರೂ ಫೈಲ್ ಹೋದಂತೆಯೇ. "ಕಮಾಂಡ್ ನಾಟ್ ಫೌಂಡ್" ಅಂತ ಬಂತು, ಸದ್ಯ ಏನೂ ಆಗಿಲ್ಲ ಅಂದುಕೊಳ್ಳಬೇಡಿ. ಆಗಿದೆ. ಇದೂ ಅದೇ ಜಾತಿ:

    ಸಾರ್ಟ್ ಹೆಸರುಗಳು > ಹೆಸರುಗಳು

ಸಾರ್ಟ್ ಓದಲು ಬರುವಷ್ಟರಲ್ಲಿ ಪಟ್ಟಿ ಖಾಲಿ. ಸರಿಯಾದ ದಾರಿ "ಸಾರ್ಟ್ -ಓ ಹೆಸರುಗಳು ಹೆಸರುಗಳು".

ಹೋದದ್ದು ವಾಪಸ್ ಬರುತ್ತದೆಯೇ? ಬ್ಯಾಕಪ್ ಇಲ್ಲದಿದ್ದರೆ ಹೆಚ್ಚಾಗಿ ಇಲ್ಲ. ಒಂದು ಆಸೆ ಇದೆ: ಅದೇ ಫೈಲ್ ಯಾವುದಾದರೂ ಎಡಿಟರ್‌ನಲ್ಲಿ ತೆರೆದು ಕೂತಿದ್ದರೆ ಮುಚ್ಚಬೇಡಿ. "ಫೈಲ್ ಬದಲಾಗಿದೆ, ಮತ್ತೆ ಲೋಡ್ ಮಾಡಲೇ" ಅಂತ ಕೇಳಿದರೆ ಬೇಡ ಅನ್ನಿ. ಅಲ್ಲಿಂದಲೇ ಸೇವ್ ಮಾಡಿ.

ಕೈ ತಪ್ಪುವ ಅಭ್ಯಾಸ ಇರುವವರು ಶೆಲ್‌ಗೆ ಒಂದು ಬೀಗ ಹಾಕಿಕೊಳ್ಳಬಹುದು:

    ಸೆಟ್ -ಓ ನೋಕ್ಲಾಬರ್

ಆಮೇಲೆ ಒಂದು ಬಾಣದಿಂದ, ಆಗಲೇ ಇರುವ ಫೈಲನ್ನು ಒರೆಸಲು ಹೋದರೆ ಬ್ಯಾಶ್ (ಲಿನಕ್ಸ್‌ನ ಮಾಮೂಲಿ ಶೆಲ್) ಒಪ್ಪುವುದಿಲ್ಲ. ಎರಡು ಬಾಣಕ್ಕೆ ಅಡ್ಡಿಯಿಲ್ಲ. ಬೇಕಂತಲೇ ಒರೆಸಬೇಕಾದಾಗ >| ಹಾಕಿ.

ಸುಡೋ ಹಾಕಿದರೂ ಪರ್ಮಿಷನ್ ಡಿನೈಡ್

    ಸುಡೋ ಎಕೋ '10.0.0.5 ಪ್ರಿಂಟರ್' >> /ಇಟಿಸಿ/ಹೋಸ್ಟ್ಸ್
    ಬ್ಯಾಶ್: /ಇಟಿಸಿ/ಹೋಸ್ಟ್ಸ್: ಪರ್ಮಿಷನ್ ಡಿನೈಡ್

ಎರರ್‌ನ ಮೊದಲ ಪದ ನೋಡಿ. "ಬ್ಯಾಶ್" ಅಂತಿದೆ. ದೂರು ಕೊಟ್ಟದ್ದು ಎಕೋ ಅಲ್ಲ, ಸುಡೋ ಅಲ್ಲ. ಫೈಲ್ ತೆರೆಯಲು ಹೋದದ್ದು ನಿಮ್ಮ ಶೆಲ್, ನಿಮ್ಮ ಹೆಸರಿನಲ್ಲಿ. ಸುಡೋ ಕೊಟ್ಟ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಪಾಸ್ ಎಕೋ ಕೈಯಲ್ಲಿದೆ, ಬಾಗಿಲು ತಟ್ಟಿದ್ದು ಮಾತ್ರ ಶೆಲ್.

ಫೈಲ್ ತೆರೆಯುವವನ ಕೈಗೇ ಪಾಸ್ ಕೊಡಿ:

    ಎಕೋ '10.0.0.5 ಪ್ರಿಂಟರ್' | ಸುಡೋ ಟೀ -ಎ /ಇಟಿಸಿ/ಹೋಸ್ಟ್ಸ್

ಟೀ ಅಂದರೆ ಕುಡಿಯುವ ಟೀ ಅಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪ್‌ಗೆ ಕೇಳುತ್ತೀವಲ್ಲ, ಆ ಟೀ. ಬಂದ ನೀರು ಎರಡು ಕಡೆ ಹೋಗುತ್ತದೆ: ಒಂದು ಫೈಲ್‌ಗೆ, ಒಂದು ಸ್ಕ್ರೀನ್‌ಗೆ. ಇಲ್ಲಿ -ಎ ಮರೆತರೆ ಒಂದು ಬಾಣ ಹಾಕಿದ್ದಕ್ಕೆ ಸಮ, ಅದೂ ರೂಟ್ ಹೆಸರಿನಲ್ಲಿ. ನಾನು ಈ ಸಾಲು ಹೊಡೆಯುವಾಗ ಎಂಟರ್‌ಗೆ ಮುಂಚೆ -ಎ ಇದೆಯೇ ಅಂತ ಇನ್ನೊಮ್ಮೆ ನೋಡುತ್ತೇನೆ, ಇವತ್ತಿಗೂ.

ರೂಟ್ ಆಗಿದ್ದೂ "ಆಪರೇಷನ್ ನಾಟ್ ಪರ್ಮಿಟೆಡ್" ಅಂದರೆ ಅದು ಬೇರೆ ಕಾಯಿಲೆ. ಎಲ್‌ಎಸ್‌ಆಟರ್ ಹೊಡೆದು ನೋಡಿ. ಐ ಅಕ್ಷರ ಕಂಡರೆ ಫೈಲ್‌ಗೆ ಬೀಗ ಬಿದ್ದಿದೆ. ಎ ಕಂಡರೆ ಸೇರಿಸಬಹುದು, ಒರೆಸುವ ಹಾಗಿಲ್ಲ. ಯಾರೋ ಬೇಕಂತಲೇ ಹಾಕಿರುತ್ತಾರೆ, ತೆಗೆಯುವ ಮುಂಚೆ ಅವರನ್ನು ಕೇಳಿ. "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಅಂತ ಬಂದು, ಡಿಎಫ್ -ಎಚ್ ನೋಡಿದರೆ ಜಾಗ ಬೇಕಾದಷ್ಟು ಇದ್ದರೆ, ಡಿಎಫ್ -ಐ ನೋಡಿ. ಚಿಲ್ಲರೆ ಫೈಲ್‌ಗಳು ಲಕ್ಷಗಟ್ಟಲೆ ಸೇರಿ ಐನೋಡ್ (ಪ್ರತಿ ಫೈಲ್‌ಗೂ ಒಂದರಂತೆ ಬೇಕಾದ ದಾಖಲೆ) ಮುಗಿದಿರುತ್ತದೆ. ಆಗ ಇರುವ ಫೈಲ್‌ಗೆ ಸೇರಿಸುವುದು ನಡೆಯಬಹುದು, ಹೊಸ ಫೈಲ್ ಮಾತ್ರ ಹುಟ್ಟುವುದಿಲ್ಲ.

ಸೇರಿತು, ಆದರೆ ನಾನು ಬರೆದದ್ದು ಅದಲ್ಲ

ಇದರಲ್ಲಿ ಹೆಚ್ಚಿನವು ಕೊಟೇಶನ್ ಜಗಳ. ಡಬಲ್ ಕೊಟೇಶನ್ ಒಳಗೆ ಡಾಲರ್ ಗುರುತನ್ನು ಶೆಲ್ ಬಿಡಿಸಿಬಿಡುತ್ತದೆ. ಬ್ಯಾಶ್ ಶುರುವಾಗುವಾಗ ಓದುವ .ಬ್ಯಾಶ್‌ಆರ್‌ಸಿಗೆ

    ಎಕೋ "ಎಕ್ಸ್‌ಪೋರ್ಟ್ ಪಾತ್=$ಪಾತ್:/ಆಪ್ಟ್/ಬಿನ್" >> ~/.ಬ್ಯಾಶ್‌ಆರ್‌ಸಿ

ಅಂತ ಸೇರಿಸಿದರೆ ಒಳಗೆ ಬೀಳುವುದು $ಪಾತ್ ಅನ್ನುವ ಹೆಸರಲ್ಲ, ಆ ಗಳಿಗೆಯಲ್ಲಿ ಅದರಲ್ಲಿದ್ದ, ಪ್ರೋಗ್ರಾಮ್ ಹುಡುಕುವ ಫೋಲ್ಡರ್‌ಗಳ ಉದ್ದದ ಪಟ್ಟಿ. ಅವತ್ತು ಕೆಲಸ ಮಾಡುತ್ತದೆ. ಮುಂದೆ ಯಾವತ್ತೋ ಬೇರೆ ಪ್ರೋಗ್ರಾಮ್ ಹಾಕಿದಾಗ ಪಾತ್ ಯಾಕೆ ಹಳೆಯದೇ ಇದೆ ಅಂತ ತಲೆ ಕೆರೆದುಕೊಳ್ಳುತ್ತೀರಿ. ಸಿಂಗಲ್ ಕೊಟೇಶನ್ ಹಾಕಿದ್ದರೆ ಬರೆದದ್ದು ಬರೆದ ಹಾಗೇ ಹೋಗುತ್ತಿತ್ತು. ಒಂದಕ್ಕಿಂತ ಜಾಸ್ತಿ ಸಾಲು ಸೇರಿಸುವುದಿದ್ದರೆ:

    ಕ್ಯಾಟ್ >> ಫೈಲ್ << 'ಮುಗೀತು'
    ಮೊದಲ ಸಾಲು, $ಗುರುತು ಇದ್ದ ಹಾಗೇ
    ಎರಡನೇ ಸಾಲು
    ಮುಗೀತು

ಇಲ್ಲಿ 'ಮುಗೀತು' ಸುತ್ತಲಿನ ಕೊಟೇಶನ್ ಡಾಲರನ್ನು ಕಾಪಾಡುತ್ತದೆ. ಕೊನೆಯ "ಮುಗೀತು" ಸಾಲಿನ ಆರಂಭದಿಂದಲೇ ಶುರುವಾಗಬೇಕು, ಹಿಂದೆ ಮುಂದೆ ಒಂದು ಸ್ಪೇಸ್ ಕೂಡ ಇರಬಾರದು (ಮೇಲೆ ಒಳಗೆ ಸರಿಸಿ ಬರೆದಿರುವುದು ಓದಲಿಕ್ಕೆ ಅಷ್ಟೇ). ಸ್ಪೇಸ್ ಇದ್ದರೆ ಶೆಲ್ > ತೋರಿಸುತ್ತಾ ಕಾಯುತ್ತಲೇ ಇರುತ್ತದೆ, ನೀವೂ ಕಾಯುತ್ತಿರುತ್ತೀರಿ.

ಸ್ಕ್ರಿಪ್ಟ್‌ನಲ್ಲಿ ಎಕೋ -ಇ (\ಎನ್ ತರಹದ ಗುರುತು ಬಿಡಿಸು ಅನ್ನುವ ಸೂಚನೆ) ಓಡಿಸಿದಾಗ ಫೈಲ್‌ನಲ್ಲಿ "-ಇ" ಅಂತಲೂ ಬರೆದುಕೊಂಡಿದೆಯೇ? ಡೆಬಿಯನ್, ಉಬುಂಟುಗಳಲ್ಲಿ ಸ್ಕ್ರಿಪ್ಟ್ ಓಡಿಸುವ ಎಸ್‌ಎಚ್ ಅಂದರೆ ಬ್ಯಾಶ್ ಅಲ್ಲ, ಡ್ಯಾಶ್ ಅನ್ನುವ ಇನ್ನೊಂದು ಶೆಲ್. ಉಬುಂಟುವಿನಲ್ಲಿ 2006ರಿಂದ ಹೀಗೇ. ಡ್ಯಾಶ್‌ನ ಎಕೋಗೆ -ಇ ಗೊತ್ತಿಲ್ಲ, ಅದನ್ನೂ ಅಚ್ಚು ಮಾಡುತ್ತದೆ. ಸ್ಕ್ರಿಪ್ಟ್‌ಗಳಲ್ಲಿ ಎಕೋ ಬಿಟ್ಟು ಪ್ರಿಂಟ್‌ಎಫ್ '%ಎಸ್\ಎನ್' ಬಳಸಿ, ಎಲ್ಲ ಕಡೆ ಒಂದೇ ಥರ ನಡೆಯುತ್ತದೆ.

ಇನ್ನೊಂದು ನನಗೆ ತುಂಬ ಇಷ್ಟವಾದ ದೋಷ:

    ಎಕೋ ಒಟ್ಟು ಡಬ್ಬ 2>> ಲೆಕ್ಕ

ಸ್ಕ್ರೀನ್ ಮೇಲೆ "ಒಟ್ಟು ಡಬ್ಬ" ಬರುತ್ತದೆ, ಲೆಕ್ಕದ ಫೈಲ್‌ಗೆ ಏನೂ ಸೇರುವುದಿಲ್ಲ, 2 ಎಲ್ಲಿ ಹೋಯಿತೋ ಗೊತ್ತಿಲ್ಲ. ಬಾಣಕ್ಕೆ ತಾಗಿದ 2 ಅಂದರೆ ಎರರ್‌ಗಳ ಕೊಳವೆ. ಎರರ್ ಬಂದಿಲ್ಲ, ಹಾಗಾಗಿ ಫೈಲ್‌ಗೂ ಏನೂ ಬಂದಿಲ್ಲ. 1, 3, 4 ಹಾಕಿದರೂ ಅಂಕಿ ಮಾಯವಾಗುತ್ತದೆ. 2ಕ್ಕೂ ಬಾಣಕ್ಕೂ ನಡುವೆ ಸ್ಪೇಸ್ ಕೊಡಿ, ಇಲ್ಲವೇ ಇಡೀ ಬರಹಕ್ಕೆ ಕೊಟೇಶನ್ ಹಾಕಿ. ವಿಂಡೋಸ್‌ನ ಸಿಎಂಡಿಯಲ್ಲೂ ಇದೇ ಕತೆ, ಅಲ್ಲಿ ಇನ್ನೂ ಪೀಕಲಾಟ: ಸ್ಪೇಸ್ ಕೊಟ್ಟರೆ ಆ ಸ್ಪೇಸ್ ಕೂಡ ಫೈಲ್‌ಗೆ ಹೋಗುತ್ತದೆ. ಅಲ್ಲಿ ಬಾಣವನ್ನು ಮುಂದಕ್ಕೆ ತನ್ನಿ: >>ಲೆಕ್ಕ ಎಕೋ ಒಟ್ಟು ಡಬ್ಬ 2.

ಕನ್ನಡ ಸೇರಿಸಿದರೆ ಪ್ರಶ್ನಾರ್ಥಕ ಚಿಹ್ನೆ

ಲಿನಕ್ಸ್‌ನಲ್ಲಿ ಈ ತೊಂದರೆ ಕಡಿಮೆ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಲಿಪಿಸಂಕೇತ) ಕನ್ನಡದ ಪ್ರತಿ ಕೋಡ್‌ಗೂ 3 ಬೈಟ್. "ಕನ್ನಡ" ಅನ್ನುವುದು ನಮ್ಮ ಕಣ್ಣಿಗೆ ಮೂರಕ್ಷರ, ಕಂಪ್ಯೂಟರ್‌ಗೆ ಐದು ಕೋಡ್: ಕ, ನ, ಹಲಂತ, ನ, ಡ. ಒಟ್ಟು 15 ಬೈಟ್, ಎಕೋ ಹಾಕುವ ಹೊಸಸಾಲು ಸೇರಿ 16. ಓಡಿ -ಸಿ ಹೀಗೆ ತೋರಿಸುತ್ತದೆ:

    340 262 225 340 262 250 340 263 215 340 262 250
    340 262 241 \ಎನ್

340 262 ಅಥವಾ 340 263 ಅಂತ ಮತ್ತೆ ಮತ್ತೆ ಬರುತ್ತಿದ್ದರೆ ಅದು ಸರಿಯಾದ ಯುಟಿಎಫ್-8 ಕನ್ನಡ. ಟರ್ಮಿನಲ್‌ನಲ್ಲಿ ಒತ್ತಕ್ಷರ ಒಡೆದು ಕಂಡರೂ ಗಾಬರಿ ಬೇಡ. ಅದು ಟರ್ಮಿನಲ್ ಬಿಡಿಸುವ ರೀತಿಯ ತೊಂದರೆ, ಫೈಲ್ ಚೆನ್ನಾಗಿದೆ.

ಕೆಡುವುದು ವಿಂಡೋಸ್‌ನಲ್ಲಿ. ವಿಂಡೋಸ್ 10, 11ರ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ ಎರಡು ಬಾಣ ಹಾಕಿದರೆ ಅದು ಯುಟಿಎಫ್-16ರಲ್ಲಿ ಬರೆಯುತ್ತದೆ. ಫೈಲ್‌ನಲ್ಲಿ ಮೊದಲೇ ಯುಟಿಎಫ್-8 ಇದೆಯೇ ಅಂತ ನೋಡುವ ಗೋಜಿಗೇ ಹೋಗುವುದಿಲ್ಲ. ಒಂದೇ ಫೈಲ್‌ನಲ್ಲಿ ಎರಡು ಲಿಪಿಸಂಕೇತ, ಮೇಲಿನರ್ಧ ಓದಬಹುದು, ಕೆಳಗಿನರ್ಧ ಕಲಸುಮೇಲೋಗರ. ಓಡಿ -ಸಿಯಲ್ಲಿ ಇದನ್ನು ಹಿಡಿಯುವುದು ಸುಲಭ: ಇಂಗ್ಲಿಷ್ ಅಕ್ಷರಗಳ ಮಧ್ಯೆ \0 ಕಾಣುತ್ತದೆ, ಕನ್ನಡದ ಮಧ್ಯೆ ಒಂದು ಬಿಟ್ಟು ಒಂದು \ಎಫ್ ಕಾಣುತ್ತದೆ. ಕ ಅನ್ನುವುದು ಅಲ್ಲಿ 225 \ಎಫ್.

ಬಾಣ ಬಿಟ್ಟು ಪವರ್‌ಶೆಲ್‌ನದೇ ಸೇರಿಸುವ ಕಮಾಂಡ್ ಆ್ಯಡ್-ಕಂಟೆಂಟ್ ಬಳಸಿದರೆ? ಎನ್‌ಕೋಡಿಂಗ್ ಹೇಳದಿದ್ದರೆ ಹೊಸ ಫೈಲ್‌ಗೆ 5.1 ಹಳೆಯ ಆನ್ಸಿ ಕೋಡ್‌ಪೇಜ್‌ನಲ್ಲಿ (ಕೆಲವೇ ಭಾಷೆಗಳ ಅಕ್ಷರ ಹಿಡಿಸುವ ಹಳೆಯ ಅಕ್ಷರಪಟ್ಟಿ) ಬರೆಯುತ್ತದೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಆನ್ಸಿ ಕೋಡ್‌ಪೇಜ್ ಯಾವತ್ತೂ ಇರಲೇ ಇಲ್ಲ. ಹಾಗಾಗಿ ಸಾಮಾನ್ಯವಾಗಿ ಪ್ರತಿ ಕೋಡ್‌ಗೂ ಒಂದೊಂದು ? ಬೀಳುತ್ತದೆ. ಇದು ಫಾಂಟ್ ತೊಂದರೆ ಅಲ್ಲ. ಫಾಂಟ್ ಬದಲಿಸಿ ನೋಡುತ್ತಾ ಕೂರಬೇಡಿ, ಫೈಲ್‌ನಲ್ಲೇ ? ಇದೆ, ಮೂಲ ಅಕ್ಷರ ಹೋಯಿತು. ಮತ್ತೆ ಬರೆಯಬೇಕು, ಈ ಸಲ ಹೀಗೆ:

    ಆ್ಯಡ್-ಕಂಟೆಂಟ್ ಫೈಲ್ 'ಕನ್ನಡ' -ಎನ್‌ಕೋಡಿಂಗ್ ಯುಟಿಎಫ್8

ಪವರ್‌ಶೆಲ್ 7 ಹಾಕಿಕೊಂಡರೆ ಈ ರಗಳೆ ಇಲ್ಲ, ಅದು ತಾನಾಗೇ ಯುಟಿಎಫ್-8ರಲ್ಲಿ ಬರೆಯುತ್ತದೆ.

ಕೈಯಲ್ಲಿ ಓಡಿಸಿದರೆ ಸೇರುತ್ತದೆ, ಕ್ರಾನ್‌ನಲ್ಲಿ ಇಲ್ಲ

ಮೊದಲು ಶೇಕಡ ಗುರುತು ಹುಡುಕಿ. ಕ್ರಾನ್‌ಟ್ಯಾಬ್‌ನಲ್ಲಿ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ನ ಪಟ್ಟಿ) % ಅಂದರೆ ಸಾಲು ಮುಗಿಯಿತು ಅಂತ ಅರ್ಥ.

    0 6 * * * ಡೇಟ್ +%ಎಫ್ >> /ಹೋಮ್/ನಾನು/ದಿನಚರಿ

ಕ್ರಾನ್ ಓಡಿಸುವುದು "ಡೇಟ್ +" ಇಷ್ಟನ್ನೇ. ಬಾಣ ಶೆಲ್‌ಗೆ ತಲುಪುವುದೇ ಇಲ್ಲ. ಕೊಟೇಶನ್ ಹಾಕಿದರೂ ಬಿಡುವುದಿಲ್ಲ. % ಹಿಂದೆ \ ಹಾಕಿ, ಅಂದರೆ \%ಎಫ್.

ಆಮೇಲೆ ದಾರಿ, ಅಂದರೆ ಫೈಲ್ ಯಾವ ಫೋಲ್ಡರ್‌ನಲ್ಲಿದೆ ಅನ್ನುವುದು. ಬರೀ ಫೈಲ್ ಹೆಸರು ಕೊಟ್ಟಿದ್ದರೆ ಅದು ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಹುಟ್ಟಿಕೊಂಡಿರುತ್ತದೆ. ನೀವು ಸ್ಕ್ರಿಪ್ಟ್ ಇರುವ ಕಡೆ ಹುಡುಕುತ್ತಿರುತ್ತೀರಿ. ಪೂರ್ತಿ ದಾರಿ ಬರೆಯಿರಿ. ಎರರ್‌ಗಳೂ ಅದೇ ಫೈಲ್‌ಗೆ ಬೀಳಬೇಕಾದರೆ:

    >> ದಿನಚರಿ 2>&1

ಈ ಎರಡನ್ನು ಅದಲುಬದಲು ಮಾಡಬೇಡಿ. ಶೆಲ್ ಎಡದಿಂದ ಬಲಕ್ಕೆ ಓದುತ್ತದೆ. 2>&1 ಮೊದಲು ಬಂದರೆ ಎರರ್‌ಗಳು ಆಗ ಮಾಮೂಲಿ ಬರಹ ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೇ ಹೋಗುತ್ತವೆ, ಫೈಲ್‌ಗೆ ಅಲ್ಲ.

ಪ್ರತಿ ಸಲ ಓಡಿದಾಗ ಅದೇ ಸಾಲು ಮತ್ತೆ ಮತ್ತೆ ಸೇರುತ್ತಿದ್ದರೆ, ಇಲ್ಲದಿದ್ದರೆ ಮಾತ್ರ ಸೇರಿಸು ಅನ್ನಿ:

    ಗ್ರೆಪ್ -ಕ್ಯೂಎಕ್ಸ್‌ಎಫ್ 'ಸಾಲು' ಫೈಲ್ || ಎಕೋ 'ಸಾಲು' >> ಫೈಲ್

ಕ್ಯೂ, ಎಕ್ಸ್ ಚಿಕ್ಕವು, ಎಫ್ ದೊಡ್ಡದು.

ಪ್ರೋಗ್ರಾಮ್ ಓಡುತ್ತಿದೆ, ಲಾಗ್ ಮಾತ್ರ ಬೆಳೆಯುತ್ತಿಲ್ಲ

ಸ್ಕ್ರೀನ್‌ಗಾದರೆ ಪ್ರೋಗ್ರಾಮ್ ಸಾಲು ಸಾಲಾಗಿ ಬರೆಯುತ್ತದೆ. ಫೈಲ್‌ಗಾದರೆ ಒಂದಷ್ಟು ಕೂಡಿಟ್ಟುಕೊಂಡು, ಸಾಮಾನ್ಯವಾಗಿ 4096 ಅಥವಾ 8192 ಬೈಟ್ ಆದಮೇಲೆ, ಒಟ್ಟಿಗೆ ಸುರಿಯುತ್ತದೆ. ಸ್ವಲ್ಪ ಹೊತ್ತು ಕಾದು ನೋಡಿ. ಒಮ್ಮೆಲೇ ರಾಶಿ ಬಿದ್ದರೆ ಇದೇ ಕಾರಣ. ಪೈಥಾನ್‌ಗೆ -ಯು ಕೊಡಿ, ಗ್ರೆಪ್‌ಗೆ --ಲೈನ್-ಬಫರ್ಡ್ ಕೊಡಿ.

ಎಷ್ಟು ಹೊತ್ತು ಕಾದರೂ ಬೀಳದಿದ್ದರೆ, ರಾತ್ರಿ ಯಾರಾದರೂ ಲಾಗ್ ಫೈಲ್‌ನ ಹೆಸರು ಬದಲಿಸಿ ಹೊಸದು ಇಟ್ಟಿದ್ದಾರೆಯೇ ಅಂತ ವಿಚಾರಿಸಿ. ಪ್ರೋಗ್ರಾಮ್ ಹಿಡಿದುಕೊಂಡಿರುವುದು ಹೆಸರನ್ನಲ್ಲ, ತೆರೆದ ಫೈಲನ್ನು. ಹೆಸರು ಬದಲಾದರೂ, ಅಳಿಸಿದರೂ, ಅದು ಹಳೆಯದಕ್ಕೇ ಬರೆಯುತ್ತಿರುತ್ತದೆ. ಯಾವ ಪ್ರೋಗ್ರಾಮ್ ಯಾವ ಫೈಲ್ ತೆರೆದಿದೆ ಅಂತ ತೋರಿಸುವ ಎಲ್‌ಎಸ್‌ಓಎಫ್‌ನಲ್ಲಿ ಆ ಪ್ರೋಗ್ರಾಮ್ ಎದುರು "ಡಿಲೀಟೆಡ್" ಅಂತ ಕಂಡರೆ, ಕಾಣದ ಫೈಲ್‌ಗೆ ಬರೆಯುತ್ತಾ ಡಿಸ್ಕ್ ತಿನ್ನುತ್ತಿದೆ ಅಂತ. ರೀಸ್ಟಾರ್ಟ್ ಮಾಡಿದರೆ ಹೊಸದನ್ನು ಹಿಡಿಯುತ್ತದೆ.

ಅದಕ್ಕೇ ಕೆಲವರು ಹೆಸರು ಬದಲಿಸುವ ಬದಲು ಲಾಗನ್ನು ನಕಲು ಮಾಡಿ, ಮೂಲವನ್ನು ಖಾಲಿ ಮಾಡುತ್ತಾರೆ. ಹಾಗೆ ಮಾಡಿದ ಮೇಲೆ ಫೈಲ್‌ನ ತಲೆಯಲ್ಲಿ \0 ರಾಶಿ ಬಿದ್ದು, ಎಲ್‌ಎಸ್ ಮೊದಲಿನಷ್ಟೇ ಗಾತ್ರ ತೋರಿಸುತ್ತಿದ್ದರೆ, ಆ ಪ್ರೋಗ್ರಾಮ್ ಶುರು ಮಾಡಿದ ಸಾಲನ್ನು ಹುಡುಕಿ. ಅಲ್ಲಿ ಒಂದು ಬಾಣ ಇರುತ್ತದೆ. ಒಂದು ಬಾಣದಿಂದ ತೆರೆದ ಪ್ರೋಗ್ರಾಮ್ ತಾನು ಎಲ್ಲಿಯವರೆಗೆ ಬರೆದಿದ್ದೆ ಅಂತ ನೆನಪಿಟ್ಟು ಅಲ್ಲಿಂದಲೇ ಮುಂದುವರಿಸುತ್ತದೆ, ಮಧ್ಯದ ಜಾಗ ಸೊನ್ನೆಯಿಂದ ತುಂಬುತ್ತದೆ. ಎರಡು ಬಾಣದಿಂದ ತೆರೆದದ್ದು ಪ್ರತಿ ಸಲವೂ ಈಗಿನ ಕೊನೆ ಎಲ್ಲಿದೆ ಅಂತ ನೋಡಿಯೇ ಬರೆಯುತ್ತದೆ.